ಕಡತ ಕೈಯಲ್ಲಿದೆ, ನಿಯಮಾವಳಿ ಎಲ್ಲಿದೆ?

ಹಿಂದಿನ ತಲೆಮಾರಿನ ಮಂಡಿ ವರ್ತಕರ ಕಿರ್ದಿ-ಖಾತೆಗಳನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಜಮಾ, ಖರ್ಚು, ಬಾಕಿ ಎಂಬ ಶಿರೋನಾಮೆಗಳ ಕೆಳಗೆ ಗುಮಾಸ್ತರು ತಮ್ಮದೇ ಸಂಕ್ಷೇಪಾಕ್ಷರಗಳಲ್ಲಿ ಬರೆದಿಟ್ಟ ವಿವರಗಳು ಅಂಗಡಿಯ ಒಳಗಿನವರಿಗೆ ನೀರು ಕುಡಿದಷ್ಟು ಸುಲಭ, ಹೊರಗಿನವರಿಗೆ ಒಗಟು. ಆ ಅಕ್ಷರಗಳ ಅರ್ಥ ಪುಸ್ತಕದಲ್ಲಿ ಇರುತ್ತಿರಲಿಲ್ಲ, ಗುಮಾಸ್ತರ ತಲೆಯಲ್ಲಿ ಇರುತ್ತಿತ್ತು. ಅವರು ಕೆಲಸ ಬಿಟ್ಟ ದಿನ ಅರ್ಧ ಲೆಕ್ಕವೂ ಅವರೊಡನೆಯೇ ಹೊರಟುಹೋಗುತ್ತಿತ್ತು.

ಇದೇ ತೊಂದರೆ ಈಗ ಹೊಸ ರೂಪದಲ್ಲಿ ಮರಳಿ ಬಂದಿದೆಯೆಂದರೆ ಅನೇಕ ಉದ್ಯಮಿಗಳಿಗೆ ಅಚ್ಚರಿಯಾಗಬಹುದು. ಕಂಪನಿಗಳ ರಿಜಿಸ್ಟ್ರಾರರಿಗೆ ಎಕ್ಸ್‌ಬಿಆರ್‌ಎಲ್ ರೂಪದಲ್ಲಿ ಸಲ್ಲಿಕೆಯಾಗುವ ಅಢಾವೆ ಪತ್ರಿಕೆ ಒಂದು ಗಣಕ ಕಡತ. ಅದರಲ್ಲಿ ಮೊಬಲಗುಗಳಿವೆ, ಪ್ರತಿ ಮೊಬಲಗಿಗೂ ಒಂದು ಹೆಸರಿನ ಚೀಟಿ ಅಂಟಿಕೊಂಡಿದೆ. ಆದರೆ ಆ ಹೆಸರಿನ ಅರ್ಥವೇನು, ಯಾವ ಮೊಬಲಗು ಯಾವುದರೊಡನೆ ಕೂಡಬೇಕು, ಯಾವುದು ಕಡ್ಡಾಯ ಎಂಬ ನಿಯಮಗಳು ಆ ಕಡತದೊಳಗೆ ಇಲ್ಲ. ಅವು ಬೇರೊಂದು ಕಡೆ ಇವೆ. ಕಡತದ ಆರಂಭದಲ್ಲಿರುವ ಒಂದೇ ಒಂದು ಸಾಲು ಆ ಸ್ಥಳವನ್ನು ಬೊಟ್ಟುಮಾಡಿ ತೋರಿಸುತ್ತದೆ. ಹಣ ತೆತ್ತು ಕಡತ ಮಾಡಿಸುವ ಉದ್ಯಮಿ ಆ ಸಾಲನ್ನು ನೋಡಿರುವುದಿಲ್ಲ, ಅದು ಬೊಟ್ಟುಮಾಡುವ ನಿಯಮಾವಳಿಯ ಪ್ರತಿಯನ್ನು ತೆಗೆದಿಟ್ಟಿರುವುದೂ ಇಲ್ಲ. ಅದನ್ನು ತೆಗೆದಿಡಬೇಕು, ಕಡತದ ಜೊತೆಗೇ ಇಡಬೇಕು ಎಂಬುದು ಈ ಲೇಖನದ ವಾದ.

ವಿಷಯ ಸ್ವಲ್ಪ ಹಿಂದಿನಿಂದ ಬಂದರೆ ಸ್ಪಷ್ಟವಾದೀತು. ಬರಹದ ಭಾಗಗಳಿಗೆ ಗುರುತು ಹಚ್ಚುವ ಭಾಷೆಗಳಿಗೆ ಮಾರ್ಕಪ್ ಭಾಷೆಗಳೆಂದು ಹೆಸರು. ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಎಂಬ ಮೂವರು 1969ರಲ್ಲಿ ಆರಂಭಿಸಿದ ಕೆಲಸ 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಐಎಸ್‌ಒ 8879 ಎಂಬುದು ಅದರ ಸಂಖ್ಯೆ. ಅದರ ಪ್ರಕಾರ ಒಂದು ದಸ್ತಾವೇಜಿಗೆ ಮೂರು ಅಂಗಗಳು. ಯಾವ ಅಕ್ಷರಗಳನ್ನು ಬಳಸಲಾಗಿದೆ, ಗುರುತನ್ನು ಯಾವ ಚಿಹ್ನೆಗಳ ನಡುವೆ ಇಡಲಾಗಿದೆ ಎಂಬ ಘೋಷಣೆ ಮೊದಲನೆಯದು. ಯಾವ ಗುರುತುಗಳಿಗೆ ಅನುಮತಿಯಿದೆ, ಯಾವುದರೊಳಗೆ ಯಾವುದು ಬರಬಹುದು ಎಂಬ ವ್ಯಾಕರಣ ಎರಡನೆಯದು, ಇದನ್ನು ಡಿಟಿಡಿ ಎಂದು ಕರೆಯುತ್ತಾರೆ. ಮೂರನೆಯದು ಬರಹವೇ. ಮೊದಲೆರಡನ್ನು ಪ್ರತಿ ದಸ್ತಾವೇಜಿನಲ್ಲೂ ಪೂರ್ತಿ ಬರೆಯುವುದು ವ್ಯರ್ಥ ಶ್ರಮವೆಂದು ಅವುಗಳನ್ನು ಹೊರಗಿಟ್ಟು ಉಲ್ಲೇಖದಿಂದ ತೋರಿಸುವ ರೂಢಿ ಬೆಳೆಯಿತು. ವ್ಯಾಪಾರದ ಕರಾರುಗಳಲ್ಲಿ ಷರತ್ತುಗಳನ್ನೆಲ್ಲ ಮತ್ತೆ ಬರೆಯದೆ 'ಇಂಥ ಕಾಯಿದೆಯ ಇಂಥ ಪ್ರಕರಣಕ್ಕೆ ಒಳಪಟ್ಟು' ಎಂದು ನಮೂದಿಸುವ ಹಾಗೆಯೇ ಇದು.

ಉಲ್ಲೇಖಿಸುವುದಕ್ಕೆ ಎರಡು ದಾರಿಗಳಿದ್ದವು. ಒಂದು ಹೆಸರು ಹೇಳುವುದು, ಇನ್ನೊಂದು ವಿಳಾಸ ಹೇಳುವುದು. ಹೆಸರಿನ ಪದ್ಧತಿ ಶಿಸ್ತಿನದಾಗಿತ್ತು. ಜಾಲಪುಟಗಳ ಎಚ್‌ಟಿಎಂಎಲ್ 4.01ರ ನಿಯಮಾವಳಿಯ ಸಾರ್ವಜನಿಕ ಹೆಸರನ್ನೇ ನೋಡಬಹುದು. ಮೊದಲು ಒಂದು ಅಡ್ಡಗೆರೆ, ಅಂದರೆ ಮಾಲೀಕ ಸಂಸ್ಥೆ ಈ ಪದ್ಧತಿಯಲ್ಲಿ ನೋಂದಾಯಿತವಲ್ಲ ಎಂಬ ಸೂಚನೆ. ನಂತರ ಮಾಲೀಕನ ಹೆಸರು, ಡಬ್ಲ್ಯು3ಸಿ. ಅನಂತರ ಅದು ಡಿಟಿಡಿ ಎಂಬ ವರ್ಗ, ಯಾವ ಆವೃತ್ತಿಯೆಂಬ ವಿವರ, ಕೊನೆಯಲ್ಲಿ ಅದು ಇಂಗ್ಲಿಷಿನಲ್ಲಿದೆಯೆಂಬ ಗುರುತು. ಹತ್ತು ಅಕ್ಷರಗಳ ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರ ನೋಡಿದೊಡನೆ ಅದು ವ್ಯಕ್ತಿಯದೋ ಪಾಲುದಾರಿಕೆ ಸಂಸ್ಥೆಯದೋ ಕಂಪನಿಯದೋ ಎಂದು ಹೇಳಬಹುದಷ್ಟೆ. ಈ ಹೆಸರೂ ಅಂಥದೇ. ಅಂಗಡಿ ಚಿಕ್ಕಪೇಟೆಯಿಂದ ರಾಜಾಜಿನಗರಕ್ಕೆ ಸ್ಥಳಾಂತರವಾದರೂ ಪ್ಯಾನ್ ಬದಲಾಗುವುದಿಲ್ಲ. ಹಾಗೆಯೇ ನಿಯಮಾವಳಿ ಯಾವ ಗಣಕದಲ್ಲಿದ್ದರೂ ಹೆಸರು ಒಂದೇ. ಈ ಹೆಸರಿನ ಪ್ರತಿ ತನ್ನಲ್ಲಿ ಎಲ್ಲಿದೆ ಎಂಬುದನ್ನು ಪ್ರತಿ ಸಂಸ್ಥೆಯೂ 'ಕ್ಯಾಟಲಾಗ್' ಎಂಬ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. 1990ರ ದಶಕದ ಕೊನೆಯ ತಿದ್ದುಪಡಿಯಲ್ಲಿ ಮೊದಲ ಅಂಗವಾದ ಘೋಷಣೆಯನ್ನೂ ಹೀಗೆ ಹೆಸರಿನಿಂದ ಉಲ್ಲೇಖಿಸಲು ಅವಕಾಶವಾಯಿತು.

1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಬಂದಾಗ ಚಿತ್ರ ಬದಲಾಯಿತು. ಎಸ್‌ಜಿಎಂಎಲ್‌ನ ಜಟಿಲತೆಯನ್ನು ಕಳಚಿ ಮಾಡಿದ ಈ ಭಾಷೆಯಲ್ಲಿ ಘೋಷಣೆ ಎಲ್ಲರಿಗೂ ಒಂದೇ ಎಂದು ನಿಗದಿಯಾಯಿತು, ಅದು ಒಳ್ಳೆಯದೇ ಆಯಿತು. ಆದರೆ ಹೊರಗಿನ ಡಿಟಿಡಿಯನ್ನು ಉಲ್ಲೇಖಿಸುವಾಗ ಹೆಸರು ಐಚ್ಛಿಕ, ವಿಳಾಸ ಕಡ್ಡಾಯ ಎಂಬ ನಿಯಮವೂ ಬಂದಿತು. ಅಂತರಜಾಲ ಎಲ್ಲೆಡೆ ಇರುವಾಗ ವಿಳಾಸವಿದ್ದರೆ ಸಾಕಲ್ಲವೇ ಎಂಬ ಉತ್ಸಾಹ ಆ ಕಾಲದ್ದು. ಅದರ ಬೆಲೆ ಏನೆಂಬುದಕ್ಕೆ ಎರಡು ನಿದರ್ಶನಗಳಿವೆ.

ಸುದ್ದಿ ಹಂಚಿಕೆಗಾಗಿ ನೆಟ್‌ಸ್ಕೇಪ್ ಸಂಸ್ಥೆ 1999ರಲ್ಲಿ ರೂಪಿಸಿದ ಆರ್‌ಎಸ್‌ಎಸ್ 0.91ರ ಡಿಟಿಡಿ ಆ ಸಂಸ್ಥೆಯದೇ ಜಾಲತಾಣದಲ್ಲಿತ್ತು. 2007ರ ಜನವರಿಯಲ್ಲಿ ಅದು ಅಲ್ಲಿಂದ ಕಾಣೆಯಾಯಿತು. ಆ ವಿಳಾಸಕ್ಕೆ ಹೋಗಿ ನಿಯಮಾವಳಿ ಓದಿಬರುವಂತೆ ಬರೆದಿದ್ದ ತಂತ್ರಾಂಶಗಳೆಲ್ಲ, ತಮ್ಮ ತಪ್ಪೇನೂ ಇಲ್ಲದೆ ಮುಗ್ಗರಿಸಿದವು. ಕಡತಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ದೂರದ ಒಂದು ಕಪಾಟಿನಿಂದ ಒಂದು ಪುಸ್ತಕ ಹೋಗಿತ್ತು, ಅಷ್ಟೇ. ಮರುವರ್ಷ ಇದಕ್ಕೆ ವಿರುದ್ಧವಾದ ಸಂಕಟ. ತನ್ನ ನಿಯಮಾವಳಿಗಳನ್ನು ಕೇಳಿಕೊಂಡು ದಿನವೊಂದಕ್ಕೆ 13 ಕೋಟಿಯವರೆಗೆ ಬೇಡಿಕೆಗಳು ಬರುತ್ತಿವೆಯೆಂದು ಡಬ್ಲ್ಯು3ಸಿ 2008ರ ಫೆಬ್ರವರಿಯಲ್ಲಿ ಬಹಿರಂಗವಾಗಿ ದೂರಿತು. ವರ್ಷಗಟ್ಟಲೆ ಬದಲಾಗದ ಕಡತಕ್ಕಾಗಿ ತಂತ್ರಾಂಶಗಳು ಪ್ರತಿ ಬಾರಿಯೂ ಬಾಗಿಲು ತಟ್ಟುತ್ತಿದ್ದವು. ಒಮ್ಮೆ ತಂದು ಮನೆಯಲ್ಲಿಟ್ಟುಕೊಳ್ಳುವ ಬದಲು ದಿನಕ್ಕೆ ನೂರು ಸಲ ನೆರೆಮನೆಗೆ ಪಂಚಾಂಗ ಕೇಳಲು ಹೋದಂತೆ.

ಇನ್ನೊಂದು ಗೊಂದಲವನ್ನೂ ಹೇಳಬೇಕು. ಇಂದಿನ ಎಕ್ಸ್‌ಎಂಎಲ್ ಕಡತಗಳಲ್ಲಿ ಜಾಲತಾಣದ ವಿಳಾಸದಂತೆ ಕಾಣುವ ಉದ್ದನೆಯ ಸಾಲುಗಳು ಹಲವು ಇರುತ್ತವೆ. ಅವುಗಳಲ್ಲಿ 'ನೇಮ್‌ಸ್ಪೇಸ್' ಎಂಬವು ಬರೀ ಹೆಸರುಗಳು, ಆ ವಿಳಾಸದಲ್ಲಿ ಏನೂ ಇರಬೇಕಾಗಿಲ್ಲ. ವಿಳಾಸದ ವೇಷ ಹಾಕಿದ ಹೆಸರು ಅದು. 'ಸ್ಕೀಮಾ ಲೊಕೇಶನ್' ಎಂಬುದರಲ್ಲಿ ಹೆಸರು ಮತ್ತು ಸ್ಥಳ ಜೋಡಿಯಾಗಿ ಇರುತ್ತವೆ, ಆದರೆ ಅದು ಸೂಚನೆಯೇ ಹೊರತು ಆಜ್ಞೆಯಲ್ಲ. ಓದುವ ತಂತ್ರಾಂಶ ಬೇರೆ ಕಡೆಯಿಂದ ನಿಯಮಾವಳಿ ತಂದುಕೊಂಡರೂ ತಪ್ಪಲ್ಲ. ಇದು ತಿಳಿಯದ ಗುಮಾಸ್ತರು ವಿಳಾಸವನ್ನು ಒತ್ತಿ, ಪುಟ ತೆರೆಯದಿದ್ದಾಗ ಕಡತವೇ ಕೆಟ್ಟಿದೆಯೆಂದು ಗಾಬರಿಯಾಗುವುದುಂಟು.

ಈ ಎಲ್ಲ ಪೀಠಿಕೆ ಎಕ್ಸ್‌ಬಿಆರ್‌ಎಲ್‌ಗಾಗಿ. ಹಣಕಾಸಿನ ವರದಿಗಳಿಗೆ ಎಕ್ಸ್‌ಎಂಎಲ್ ಬಳಸಬಹುದೆಂದು 1998ರಲ್ಲಿ ಮೊದಲು ಸೂಚಿಸಿದವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಚಾರ್ಲ್ಸ್ ಹಾಫ್‌ಮನ್. ಅವರು ತಂತ್ರಾಂಶ ಪಂಡಿತರಾಗಿರಲಿಲ್ಲ, ವೃತ್ತಿಯಲ್ಲಿ ಲೆಕ್ಕಪರಿಶೋಧಕರು ಎಂಬುದು ಆ ವೃತ್ತಿಯವರಿಗೆ ಹೆಮ್ಮೆಯ ವಿಷಯ. ಅಲ್ಲಿನ ಲೆಕ್ಕಪರಿಶೋಧಕರ ಸಂಸ್ಥೆ ಅದಕ್ಕೆ ಬೆಂಬಲ ಕೊಟ್ಟಿತು. ಇಂದು ಬಳಕೆಯಲ್ಲಿರುವ 2.1ನೆಯ ಆವೃತ್ತಿ 2003ರ ಡಿಸೆಂಬರಿನದು.

ಎಕ್ಸ್‌ಬಿಆರ್‌ಎಲ್ ಕಡತವನ್ನು ಬರೀ ಅಕ್ಷರಗಳಾಗಿ ತೆರೆದು ನೋಡಿದರೆ ಆರಂಭದಲ್ಲಿಯೇ 'ಸ್ಕೀಮಾರೆಫ್' ಎಂಬ ಸಾಲು ಸಿಗುತ್ತದೆ. ಇದು ಕಡ್ಡಾಯ. ಕನಿಷ್ಠ ಒಂದಾದರೂ ಇಲ್ಲದ ಕಡತ ಎಕ್ಸ್‌ಬಿಆರ್‌ಎಲ್ ಕಡತವೇ ಅಲ್ಲ. ಅದರ ನಂತರ ಯಾವ ಕಂಪನಿ, ಯಾವ ಅವಧಿ ಎಂಬ ಸಂದರ್ಭಗಳು, ರೂಪಾಯಿ ಎಂಬ ಏಕಮಾನ, ಆಮೇಲೆ ಮೊಬಲಗುಗಳು. ಸ್ಕೀಮಾರೆಫ್ ತೋರಿಸುವ ಸ್ಥಳದಲ್ಲಿ ಟ್ಯಾಕ್ಸಾನಮಿ, ಅಂದರೆ ಲೆಕ್ಕದ ಶೀರ್ಷಿಕೆಗಳ ಅಧಿಕೃತ ಕೋಶ ಇರುತ್ತದೆ. ಅದು ಒಂಟಿ ಕಡತವಲ್ಲ. ತಂತ್ರಾಂಶ ಆ ಒಂದು ಎಳೆಯನ್ನು ಹಿಡಿದು ಹೊರಟರೆ, ಒಂದರಿಂದ ಒಂದಕ್ಕೆ ಕೊಂಡಿಗಳನ್ನು ಅನುಸರಿಸಿ ಕಡತಗಳ ಒಂದು ದೊಡ್ಡ ಕಂತೆಯನ್ನೇ ಕಂಡುಹಿಡಿಯುತ್ತದೆ.

ಆ ಕಂತೆಯಲ್ಲಿ ಐದು ಬಗೆಯ ಕೊಂಡಿಪಟ್ಟಿಗಳಿವೆ, ಲೆಕ್ಕ ಬಲ್ಲವರಿಗೆ ಇವು ಸ್ವಾರಸ್ಯಕರ. ಹೆಸರುಪಟ್ಟಿ ಒಂದೊಂದು ಶೀರ್ಷಿಕೆಗೂ ಮನುಷ್ಯರು ಓದುವ ಹೆಸರು ಕೊಡುತ್ತದೆ. ಅನುಕ್ರಮದ ಪಟ್ಟಿ ಯಾವುದರ ಕೆಳಗೆ ಯಾವುದು ಬರಬೇಕೆಂದು ಹೇಳುತ್ತದೆ. ಲೆಕ್ಕಾಚಾರದ ಪಟ್ಟಿ ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕೆಂದು ಧನ-ಋಣ ಚಿಹ್ನೆಗಳೊಡನೆ ತಿಳಿಸುತ್ತದೆ. ಆಧಾರಗಳ ಪಟ್ಟಿ ಈ ಶೀರ್ಷಿಕೆ ಯಾವ ಕಾಯಿದೆಯ, ಯಾವ ಲೆಕ್ಕ ಮಾನಕದ, ಯಾವ ಪ್ಯಾರಾದಿಂದ ಬಂದಿದೆಯೆಂದು ಹೇಳುತ್ತದೆ. ಶೀರ್ಷಿಕೆಗಳ ಪರಸ್ಪರ ಸಂಬಂಧವನ್ನು ನಿರೂಪಿಸುವುದು ಐದನೆಯದು. ಹೀಗಾಗಿ ಕಡತದಲ್ಲಿ ಒಂದು ಗುರುತು ಮತ್ತು ಅದರೊಡನೆ 4 ಕೋಟಿ ರೂಪಾಯಿ ಎಂದಷ್ಟೇ ಇದ್ದರೆ, ಅದು ವ್ಯಾಪಾರದ ಬಾಕಿಯೋ, ಒಂದು ವರ್ಷದೊಳಗೆ ತೀರಬೇಕಾದ ಸಾಲವೋ, ಯಾವ ಮೊತ್ತಕ್ಕೆ ಸೇರಬೇಕೋ ಎಂಬುದಕ್ಕೆಲ್ಲ ಈ ಕಂತೆಯೇ ಉತ್ತರ. ಕಂತೆ ಇಲ್ಲದೆ ಕಡತ ಓದುವುದು, ಹೋದ ಗುಮಾಸ್ತರ ಕಿರ್ದಿ ಓದಿದಂತೆ. ಹೆಸರುಪಟ್ಟಿಯಲ್ಲಿ ಒಂದೇ ಶೀರ್ಷಿಕೆಗೆ ಹಲವು ಭಾಷೆಗಳ ಹೆಸರು ಕೊಡಬಹುದೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಮೊಬಲಗನ್ನು ಮುಟ್ಟದೆಯೇ ಅಢಾವೆ ಪತ್ರಿಕೆಯನ್ನು ಕನ್ನಡದಲ್ಲಿ ತೋರಿಸುವುದಕ್ಕೆ ತಾಂತ್ರಿಕವಾದ ಅಡ್ಡಿಯೇನೂ ಇಲ್ಲ, ಮನಸ್ಸು ಬೇಕು ಅಷ್ಟೆ.

ಭಾರತದಲ್ಲಿ 2010-11ನೆಯ ಆರ್ಥಿಕ ವರ್ಷದಿಂದ ಕೆಲವು ವರ್ಗದ ಕಂಪನಿಗಳಿಗೆ ಈ ಸಲ್ಲಿಕೆ ಕಡ್ಡಾಯವಾಯಿತು. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಗಳು ಮತ್ತು ಅವುಗಳ ಭಾರತೀಯ ಅಂಗಸಂಸ್ಥೆಗಳಲ್ಲದೆ, ಪಾವತಿಯಾದ ಬಂಡವಾಳ 5 ಕೋಟಿ ರೂಪಾಯಿ ಅಥವಾ ಹೆಚ್ಚು, ಇಲ್ಲವೇ ವಹಿವಾಟು 100 ಕೋಟಿ ಅಥವಾ ಹೆಚ್ಚು ಇರುವ ಕಂಪನಿಗಳೂ ಇದಕ್ಕೆ ಒಳಪಡುತ್ತವೆ. ಬ್ಯಾಂಕು, ವಿಮೆ ಮುಂತಾದವುಗಳಿಗೆ ವಿನಾಯಿತಿ. ಇದು ದೊಡ್ಡವರ ಕೆಲಸ ಎಂದು ಸಣ್ಣ ತಯಾರಕರು ಭಾವಿಸುವುದುಂಟು. ಆದರೆ ಯಂತ್ರ ಖರೀದಿಗಾಗಿ ಬ್ಯಾಂಕಿನ ಒತ್ತಾಯದಿಂದ ಪ್ರವರ್ತಕರು ಬಂಡವಾಳ ಏರಿಸಿದರೆ 5 ಕೋಟಿಯ ಗೆರೆಯನ್ನು ದಾಟುವುದು ದೊಡ್ಡ ಮಾತಲ್ಲ. ಒಮ್ಮೆ ಈ ರೂಪದಲ್ಲಿ ಸಲ್ಲಿಸಿದ ಕಂಪನಿ ಮುಂದಿನ ವರ್ಷಗಳಲ್ಲಿ ಆ ಮಿತಿಗಿಂತ ಕೆಳಗಿಳಿದರೂ ಇದೇ ರೂಪದಲ್ಲಿ ಮುಂದುವರಿಸಬೇಕೆಂದು 2015ರ ನಿಯಮಗಳು ಹೇಳುತ್ತವೆ. ಒಳಗೆ ಹೋಗುವ ಬಾಗಿಲುಂಟು, ಹೊರಬರುವ ಬಾಗಿಲಿಲ್ಲ.

ಈ ಅವಧಿಯಲ್ಲಿ ಟ್ಯಾಕ್ಸಾನಮಿಯೂ ಬದಲಾಗುತ್ತ ಬಂದಿದೆ. ಮೊದಲ ವರ್ಷದ ಕೋಶವೊಂದು. ಪರಿಷ್ಕೃತ 6ನೆಯ ಅನುಸೂಚಿ ಜಾರಿಯಾದ ಮೇಲೆ 2012ರದು ಇನ್ನೊಂದು. 2013ರ ಕಂಪನಿ ಕಾಯಿದೆಗೆ ಹೊಂದಿಸಿದ್ದು ಮತ್ತೊಂದು. ಭಾರತೀಯ ಲೆಕ್ಕ ಮಾನಕಗಳನ್ನು ಅನುಸರಿಸುವವರಿಗೆ ಪ್ರತ್ಯೇಕ. ವೆಚ್ಚ ಪರಿಶೋಧನಾ ವರದಿಗೂ ಬೇರೆಯೇ ಇದೆ. ಪ್ರತಿಯೊಂದು ಕಡತವೂ ತಾನು ಹುಟ್ಟಿದ ಕಾಲದ ಕೋಶವನ್ನೇ ಬೊಟ್ಟುಮಾಡುತ್ತದೆ, ಹಾಗೆ ಮಾಡುವುದೇ ಸರಿ. 2012ರ ಕಡತವನ್ನು ಇಂದಿನ ಕೋಶದಿಂದ ಓದಹೊರಟರೆ ಕೆಲವು ಶೀರ್ಷಿಕೆಗಳು ಸಿಗುವುದಿಲ್ಲ, ಕೆಲವು ಬೇರೆಯೇ ಅರ್ಥ ಕೊಡಬಹುದು. ತಪ್ಪು ಕೋಶವನ್ನು ಸೂಚಿಸುವ ಕಡತವನ್ನು ಸಚಿವಾಲಯದ ಪರಿಶೀಲನಾ ಸಾಧನ ಮುಂದೆ ಬಿಡುವುದಿಲ್ಲ. ಹಾಗೆ ನಿಂತ ಕಡತ ಗಡುವು ಮೀರಿತೆಂದರೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ, ಅದಕ್ಕೆ ಮೇಲ್ಮಿತಿ ಇಲ್ಲ.

ಇಲ್ಲಿ ಪೀಣ್ಯದ ಒಂದು ಬಿಡಿಭಾಗ ತಯಾರಿಕಾ ಘಟಕವನ್ನು ಊಹಿಸಿಕೊಳ್ಳಬಹುದು. ಎಕ್ಸ್‌ಬಿಆರ್‌ಎಲ್ ಪರಿವರ್ತನೆಯನ್ನು ಅದು ಹೊರಗಿನವರಿಗೆ ವಹಿಸುತ್ತದೆ. ಇಂತಿಷ್ಟು ಹಣ ಕೊಡುತ್ತದೆ. ಸಲ್ಲಿಕೆಯಾದ ಮೇಲೆ ಕೈಗೆ ಬರುವುದು ಚಲನ್ನಿನ ಪ್ರತಿ ಮತ್ತು ಓದಲು ಅನುಕೂಲವಾದ ಒಂದು ಪಿಡಿಎಫ್. ನಿಜವಾದ ಕಡತ ಪರಿವರ್ತಕನ ಗಣಕದಲ್ಲಿ ಉಳಿಯುತ್ತದೆ. ಆರು ವರ್ಷಗಳ ನಂತರ ಹಳೆಯ ವರ್ಷದ ಒಂದು ಶೀರ್ಷಿಕೆಯ ಬಗ್ಗೆ ವಿವರಣೆ ಕೇಳಿ ಪತ್ರ ಬರುತ್ತದೆ, ಅಥವಾ ಘಟಕವನ್ನು ಕೊಳ್ಳಬಯಸುವವರು ಹಳೆಯ ಸಲ್ಲಿಕೆಗಳನ್ನು ಪರಿಶೀಲಿಸಬಯಸುತ್ತಾರೆ. ಅಷ್ಟರಲ್ಲಿ ಪರಿವರ್ತಕ ಅಂಗಡಿ ಮುಚ್ಚಿರಬಹುದು, ತಂತ್ರಾಂಶದ ಪರವಾನಗಿ ತೀರಿರಬಹುದು, ಸಚಿವಾಲಯದ ಜಾಲತಾಣ ಹೊಸ ರೂಪ ತಳೆದು ಹಳೆಯ ವಿಳಾಸ ತೆರೆಯದಿರಬಹುದು. ಸಲ್ಲಿಸಿದ ಕಡತದ ಪ್ರತಿ ಹೇಗೋ ದೊರೆತರೂ ಅದನ್ನು ಅರ್ಥಮಾಡಿಸುವ ಕಂತೆ ಇರುವುದಿಲ್ಲ. ಕಂಪನಿ ಕಾಯಿದೆಯ 128ನೆಯ ಪ್ರಕರಣ ಲೆಕ್ಕಪುಸ್ತಕಗಳನ್ನು 8 ಆರ್ಥಿಕ ವರ್ಷಗಳ ಕಾಲ ಕಾಪಾಡಬೇಕೆನ್ನುತ್ತದೆ. ಪುಸ್ತಕ ಕಾಪಾಡಿ ಅದರಿಂದ ಸಿದ್ಧವಾದ ಸಲ್ಲಿಕೆಯ ಅರ್ಥಕೋಶವನ್ನು ಕಳೆದುಕೊಂಡರೆ, ಪುಸ್ತಕಕ್ಕೂ ಸಲ್ಲಿಕೆಗೂ ತಾಳೆ ನೋಡುವುದಾದರೂ ಹೇಗೆ?

ಜಿಎಸ್‌ಟಿಯ ವಿದ್ಯುನ್ಮಾನ ಬೀಜಕದ ಪದ್ಧತಿ ಬೇರೆ ರೀತಿಯದು. ಅಲ್ಲಿ ಬಳಸುವ ಜೆಸಾನ್ ಮಾರ್ಕಪ್ ಭಾಷೆಯಲ್ಲ, ಆದರೆ ಪ್ರಶ್ನೆ ಅದೇ. ಪ್ರತಿ ಬೀಜಕದಲ್ಲೂ ಆವೃತ್ತಿ 1.1 ಎಂಬ ನಮೂದು ಕಡ್ಡಾಯ. ಹೆಸರೂ ಇಲ್ಲ, ವಿಳಾಸವೂ ಇಲ್ಲ, ಆವೃತ್ತಿಯ ಅಂಕಿ ಮಾತ್ರ. ನಿಯಮಾವಳಿ ಯಾವುದೆಂಬುದು ಉಭಯರಿಗೂ ಗೊತ್ತೇ ಇದೆಯೆಂಬ ಗ್ರಹಿಕೆ. 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟಿನವರಿಂದ ಆರಂಭವಾದ ಈ ಕಡ್ಡಾಯ 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯಿಸಿದೆ. ಆದ್ದರಿಂದ ಇದು ಈಗ ಪೇಟೆಯ ಸಾಮಾನ್ಯ ವರ್ತಕರ ವಿಷಯವೇ. ಇಲ್ಲಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಡಬೇಕು.

ಇದಕ್ಕೊಂದು ಆಕ್ಷೇಪ ಬರಬಹುದು. ಜಾಲಪುಟಗಳ ಎಚ್‌ಟಿಎಂಎಲ್ 2014ರ ಐದನೆಯ ಆವೃತ್ತಿಯಲ್ಲಿ ನಿಯಮಾವಳಿಯ ಉಲ್ಲೇಖವನ್ನೇ ಕೈಬಿಟ್ಟಿತು. ಈಗ ಪುಟದ ಆರಂಭದಲ್ಲಿ 'ಡಾಕ್‌ಟೈಪ್ ಎಚ್‌ಟಿಎಂಎಲ್' ಎಂದಿದ್ದರೆ ಮುಗಿಯಿತು, ಹೆಸರೂ ಬೇಡ, ವಿಳಾಸವೂ ಬೇಡ. ಜಗತ್ತಿನ ಜಾಲಪುಟಗಳೆಲ್ಲ ನಿಯಮಾವಳಿಯ ಪ್ರತಿಯಿಲ್ಲದೆ ನಡೆಯುತ್ತಿರುವಾಗ ಉದ್ಯಮಿಗೇಕೆ ಈ ತಲೆನೋವು ಎಂಬ ಪ್ರಶ್ನೆ ಸಹಜ. ಆದರೆ ಜಾಲಪುಟ ತೋರಿಸುವ ತಂತ್ರಾಂಶ ಉದಾರಿ. ತಪ್ಪಿದ್ದರೂ ಹೇಗೋ ಸರಿದೂಗಿಸಿಕೊಂಡು ತೋರಿಸುತ್ತದೆ. ರಿಜಿಸ್ಟ್ರಾರರ ಕಚೇರಿಗೆ ಆ ಔದಾರ್ಯವಿಲ್ಲ, ಇರಲೂಬಾರದು. ಅಂದಾಜಿನ ಮೇಲೆ ಓದಿದ ಅಢಾವೆ ಪತ್ರಿಕೆ ಯಾರಿಗೆ ಬೇಕು? ಹೊರಗಿನ ಉಲ್ಲೇಖವನ್ನು ಕುರುಡಾಗಿ ಹಿಂಬಾಲಿಸುವುದು ಅಪಾಯಕಾರಿ ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ. ಕಿಡಿಗೇಡಿಗಳು ಎಕ್ಸ್‌ಎಂಎಲ್ ಕಡತದಲ್ಲಿ ಸುಳ್ಳು ಉಲ್ಲೇಖವನ್ನಿಟ್ಟು ಓದುವವರ ಗಣಕದ ಗುಟ್ಟುಗಳನ್ನು ಹೊರಗೆ ಎಳೆದಿರುವುದುಂಟು. ಗ್ರಾಹಕರಿಂದ ಖರೀದಿ ಆದೇಶಗಳನ್ನು ಎಕ್ಸ್‌ಎಂಎಲ್‌ನಲ್ಲಿ ಪಡೆಯುವವರು ಈ ಬಗ್ಗೆ ತಮ್ಮ ತಂತ್ರಾಂಶದವರನ್ನು ಕೇಳುವುದು ಒಳಿತು. ಹೊರಗಿನ ವಿಳಾಸದ ಮೇಲೆ ಅವಲಂಬನೆ ಬೇಡ, ಪ್ರತಿ ಮನೆಯಲ್ಲಿರಲಿ ಎಂಬ ವಾದವನ್ನು ಇದು ಬಲಪಡಿಸುತ್ತದೆಯೇ ವಿನಾ ದುರ್ಬಲಗೊಳಿಸುವುದಿಲ್ಲ.

ಪ್ರತಿ ಇಟ್ಟುಕೊಳ್ಳುವುದು ಕಷ್ಟದ ಕೆಲಸವೂ ಅಲ್ಲ. ಅಮೆರಿಕದಲ್ಲಿ ಕಂಪನಿಗಳು ತಮ್ಮದೇ ಶೀರ್ಷಿಕೆಗಳನ್ನು ಸೇರಿಸಿ ಕೋಶವನ್ನು ವಿಸ್ತರಿಸಬಹುದು, ಹೀಗಾಗಿ ಅಲ್ಲಿ ಕಂಪನಿಗೊಂದು ಬಾಲಂಗೋಚಿ. ಭಾರತದ ಸಚಿವಾಲಯ ವಿಸ್ತರಣೆಗೆ ಅವಕಾಶ ಕೊಟ್ಟಿಲ್ಲ. ಇದರಿಂದ ವಿವರ ಕೊಡುವಾಗ ಇಕ್ಕಟ್ಟಾಗುವುದು ನಿಜವಾದರೂ, ಒಂದು ವರ್ಗದ ಎಲ್ಲ ಕಂಪನಿಗಳಿಗೂ ಒಂದೇ ಕೋಶ ಎಂಬ ಅನುಕೂಲವಿದೆ. ಇಡೀ ಕಂತೆಯನ್ನೂ, ಜಾಲದ ವಿಳಾಸಗಳನ್ನು ಸ್ಥಳೀಯ ಪ್ರತಿಗೆ ತಿರುಗಿಸುವ ಕ್ಯಾಟಲಾಗನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವ ಮಾನಕವನ್ನು ಎಕ್ಸ್‌ಬಿಆರ್‌ಎಲ್ ಇಂಟರ್‌ನ್ಯಾಷನಲ್ ಸಂಸ್ಥೆ 2016ರಲ್ಲಿಯೇ ಹೊರತಂದಿದೆ. ಹೆಸರು ಮತ್ತು ಕ್ಯಾಟಲಾಗಿನ ಹಳೆಯ ವಿವೇಕ ಮೂವತ್ತು ವರ್ಷಗಳ ನಂತರ ಹೀಗೆ ಮರಳಿದೆ.

ಸಚಿವಾಲಯ ಮಾಡಬೇಕಾದದ್ದು ಎರಡು. ಬಿಡುಗಡೆಯಾದ ಪ್ರತಿ ಟ್ಯಾಕ್ಸಾನಮಿಯೂ ಅದರ ಮೂಲ ವಿಳಾಸದಲ್ಲಿಯೇ, ಜಾಲತಾಣ ಎಷ್ಟು ಬಾರಿ ಬದಲಾದರೂ, ದೊರೆಯುತ್ತಿರಬೇಕು. ಹೊಸ ಕೋಶವನ್ನು ಆರ್ಥಿಕ ವರ್ಷ ಮುಗಿಯುವ ಮೊದಲೇ ಪ್ರಕಟಿಸಬೇಕು, ಸಲ್ಲಿಕೆಯ ಹಂಗಾಮಿನಲ್ಲಿ ಅಲ್ಲ. ವಾಣಿಜ್ಯ ಮಂಡಳಿಗಳು ಆಯವ್ಯಯಕ್ಕೆ ಮುಂಚೆ ಸಲ್ಲಿಸುವ ಮನವಿಗಳಲ್ಲಿ ತೆರಿಗೆ ದರಗಳ ಜೊತೆಗೆ ಈ ಎರಡು ಸಾಲುಗಳಿಗೂ ಜಾಗ ಕೊಟ್ಟರೆ ತಪ್ಪಾಗಲಾರದು. ಹಳೆಯ ಕೋಶಗಳ ಪ್ರತಿಗಳನ್ನು ಮಂಡಳಿಗಳೇ ಸದಸ್ಯರಿಗಾಗಿ ಸಂಗ್ರಹಿಸಿಡುವುದೂ ಹೆಚ್ಚು ಖರ್ಚಿನ ಕೆಲಸವಲ್ಲ.

ಉದ್ಯಮಿಯ ಪಾಲಿನದು ಇನ್ನೂ ಸರಳ. ಪರಿವರ್ತಕರಿಗೆ ಕೊಡುವ ಕೆಲಸದ ಆದೇಶದಲ್ಲಿ ಒಂದು ಷರತ್ತು ಸೇರಬೇಕು. ಸಲ್ಲಿಸಿದ ಮೂಲ ಕಡತ, ಅದರ ಸ್ಕೀಮಾರೆಫ್ ಸೂಚಿಸುವ ಟ್ಯಾಕ್ಸಾನಮಿಯ ಪೂರ್ತಿ ಕಂತೆ, ಪರಿಶೀಲನಾ ಸಾಧನದ ಫಲಿತಾಂಶ, ಈ ಮೂರನ್ನೂ ಒಪ್ಪಿಸಿದ ನಂತರವೇ ಬಾಕಿ ಹಣದ ಪಾವತಿ. ಬಂದದ್ದನ್ನು ಆಯಾ ವರ್ಷದ ಹೆಸರಿನಲ್ಲಿ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡಬೇಕು. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿಗಳು ಸೆಪ್ಟೆಂಬರ್ ಕೊನೆಯೊಳಗೆ ವಾರ್ಷಿಕ ಸಭೆ ನಡೆಸಿ, ಅಲ್ಲಿಂದ 30 ದಿನಗಳಲ್ಲಿ ಸಲ್ಲಿಸಬೇಕಾಗಿರುವುದರಿಂದ, ಈ ಷರತ್ತನ್ನು ಬರೆಸಲು ಸರಿಯಾದ ಸಮಯ ಲೆಕ್ಕಪರಿಶೋಧನೆ ಆರಂಭವಾಗುವ ಬೇಸಗೆಯ ತಿಂಗಳುಗಳು. ಅಕ್ಟೋಬರಿನ ಕೊನೆಯ ವಾರದಲ್ಲಿ ಪರಿವರ್ತಕರು ಯಾರ ದೂರವಾಣಿಗೂ ಸಿಗುವುದಿಲ್ಲ.